ತಲಾ ಆದಾಯ ಏರಿದೆ, ರಕ್ತಹೀನತೆ ಇಳಿದಿಲ್ಲ: ಪಂಚಾಯಿತಿ ಮಟ್ಟದಲ್ಲಿ ಎಲ್ಲಿ ಕೈ ಹಾಕಬೇಕು?

ಎಡದಂಡೆ:

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಮುಂದಿನ ವರ್ಷದ ಯೋಜನೆಗೆ ಆರೋಗ್ಯದ ಭಾಗ ಬರೆಯಬೇಕಿದೆ. ಜನಸಂಖ್ಯೆ 6,000ದ ಆಸುಪಾಸು, ವರ್ಷಕ್ಕೆ ನೂರರಷ್ಟು ಹೆರಿಗೆ.

ಬಿಡಿಸಲಾಗದ ಗಂಟು ಇದು. ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕದ ತಲಾ ಆದಾಯ ಮುಂಚೂಣಿಯಲ್ಲಿದೆ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಿಂದ (2015–16) ಐದನೇ ಸುತ್ತಿಗೆ (2019–21) ಬರುವಷ್ಟರಲ್ಲಿ ರಾಜ್ಯದಲ್ಲಿ 6ರಿಂದ 59 ತಿಂಗಳ ಮಕ್ಕಳ ರಕ್ತಹೀನತೆ ಶೇ 60.9ರಿಂದ 65.5ಕ್ಕೆ ಏರಿದೆ. 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 44.8ರಿಂದ 47.8ಕ್ಕೆ. ಇದೇ ಅವಧಿಯಲ್ಲಿ ಎತ್ತರಕ್ಕೆ ತಕ್ಕ ತೂಕ ಇಲ್ಲದ ಮಕ್ಕಳ ಪ್ರಮಾಣ 26.1ರಿಂದ 19.5ಕ್ಕೆ ಇಳಿದಿದೆ. ಅಂದರೆ ಮಕ್ಕಳ ಮೈ ತುಂಬುತ್ತಿದೆ, ರಕ್ತ ಮಾತ್ರ ಕಡಿಮೆಯಾಗುತ್ತಿದೆ. ಇದು ಹೇಗೆ? ದುಡ್ಡು ಬಂದರೆ ಆರೋಗ್ಯ ತಾನಾಗಿ ಬರುತ್ತದೆ ಅನ್ನುವ ಮಾತು ಇಲ್ಲಿ ಎಲ್ಲಿ ಮುರಿದುಬಿದ್ದಿದೆ? ಪಂಚಾಯಿತಿಯ ಕೈಲಿ ಇರುವಂಥದ್ದು ಯಾವುದು? ಗೊತ್ತಿರುವವರು ವಿವರವಾಗಿ ಬರೆದರೆ ಉಪಕಾರ.

ಜಮಾಖರ್ಚು:

ಮೊದಲು ಸರಾಸರಿಯ ಮಾತು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ಅಲ್ಲಿಯ ತಲಾ ಆದಾಯ ಕಲಬುರಗಿ ಜಿಲ್ಲೆಯದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಹೀಗಾಗಿ ರಾಜ್ಯದ ತಲಾ ಆದಾಯವನ್ನು ನಿಮ್ಮ ಊರಿನ ಆದಾಯ ಎಂದು ಓದಬೇಡಿ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದಲ್ಲೇ ಇದ್ದವು. ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದೂ ಇದೇ ಹಿನ್ನೆಲೆಯಲ್ಲಿ.

ಆದರೆ ಪ್ರಾದೇಶಿಕ ಅಸಮಾನತೆ ಅರ್ಧ ಉತ್ತರ ಅಷ್ಟೆ. ನಿಜವಾಗಿಯೂ ಆದಾಯ ಏರಿದ ಕಡೆಯೂ ಈ ಗಂಟು ಇದೆ. ಅರ್ಥಶಾಸ್ತ್ರದಲ್ಲಿ ಇದು ಹಳೆಯ ಚರ್ಚೆ. ಜನಸಂಖ್ಯಾ ತಜ್ಞ ಸ್ಯಾಮ್ಯುಯೆಲ್ ಪ್ರೆಸ್ಟನ್ 1975ರಲ್ಲಿ ಲೆಕ್ಕ ಹಾಕಿದ ಪ್ರಕಾರ, 1930ರ ದಶಕದಿಂದ 1960ರ ದಶಕದವರೆಗೆ ಜಗತ್ತಿನಲ್ಲಿ ಹೆಚ್ಚಿದ ಆಯುಷ್ಯದ ಶೇ 75ರಿಂದ 90 ಭಾಗಕ್ಕೆ ಆದಾಯವಲ್ಲದ ಬೇರೆ ಸಂಗತಿಗಳು ಕಾರಣ. 2014ರಲ್ಲಿ 36 ಬಡ ಮತ್ತು ಮಧ್ಯಮ ಆದಾಯದ ದೇಶಗಳ ಸಮೀಕ್ಷೆಗಳನ್ನು ಒಟ್ಟಿಗೆ ನೋಡಿದ ಅಧ್ಯಯನಕ್ಕೂ ತಲಾ ಉತ್ಪನ್ನದ ಏರಿಕೆಗೂ ಚಿಕ್ಕ ಮಕ್ಕಳ ಅಪೌಷ್ಟಿಕತೆಯ ಇಳಿಕೆಗೂ ನಡುವೆ ಸಿಕ್ಕ ಸಂಬಂಧ ತೀರಾ ಸಣ್ಣದು, ಕೆಲವು ಕಡೆ ಇಲ್ಲವೇ ಇಲ್ಲ.

ಏಕೆಂದರೆ ಬೆಳವಣಿಗೆಯ ದುಡ್ಡು ಆರೋಗ್ಯವಾಗಿ ಮಾರ್ಪಡಲು ಎರಡೇ ದಾರಿ. ಒಂದು, ಮನೆಯ ಕೈಗೆ ಬಂದ ದುಡ್ಡು ತಟ್ಟೆಗೆ ಬರಬೇಕು, ಅದೂ ಮನೆಯಲ್ಲಿ ಕೊನೆಗೆ ಉಣ್ಣುವವಳ ತಟ್ಟೆಗೆ. ಎರಡು, ಸರ್ಕಾರದ ಬೊಕ್ಕಸಕ್ಕೆ ಬಂದದ್ದು ಚರಂಡಿ, ನೀರು, ಗುಳಿಗೆ, ನರ್ಸ್ ಆಗಿ ಊರಿಗೆ ಬರಬೇಕು. ಮೋಟಾರ್ ಸೈಕಲ್, ಮೊಬೈಲ್ ಒಂದೊಂದು ಮನೆಯವರು ಕೊಳ್ಳಬಹುದು. ಊರ ಚರಂಡಿಯನ್ನು ಒಂದು ಮನೆಯವರು ಕೊಳ್ಳಲಾಗದು. ಎರಡನೇ ದಾರಿ ನಮ್ಮಲ್ಲಿ ಕಿರಿದು. ಕೇಂದ್ರ, ರಾಜ್ಯ ಸೇರಿ ಆರೋಗ್ಯಕ್ಕೆ ಮಾಡಿದ ಖರ್ಚು 2013–14ರಲ್ಲಿ ದೇಶದ ಜಿಡಿಪಿಯ ಶೇ 1.15 ಇತ್ತು, 2021–22ಕ್ಕೆ ಶೇ 1.84. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ಕ್ಕೆ ಇಟ್ಟುಕೊಂಡ ಗುರಿ 2.5.

ತೂಕ ಸುಧಾರಿಸಿ ರಕ್ತ ಸುಧಾರಿಸದಿರುವುದೂ ಇದರಿಂದಲೇ ಅರ್ಥವಾಗುತ್ತದೆ. ತೂಕ ಊಟದ ಪ್ರಮಾಣಕ್ಕೆ ಬೇಗ ಸ್ಪಂದಿಸುತ್ತದೆ. ರೇಷನ್ ಅಕ್ಕಿ ಹೆಚ್ಚಾದರೆ ಹೊಟ್ಟೆ ತುಂಬುತ್ತದೆ. ರಕ್ತ ಕೇಳುವುದು ಅಕ್ಕಿಯನ್ನಲ್ಲ.

ಸಮುದಾಯ ವೈದ್ಯ:

ಜಮಾಖರ್ಚು ಅವರ ಮಾತು ಒಪ್ಪುತ್ತೇನೆ. ಆದರೆ ಎಡದಂಡೆ ಮೇಡಂ, 60.9ರಿಂದ 65.5ಕ್ಕೆ ಏರಿತು ಅನ್ನುವ ವ್ಯತ್ಯಾಸದ ಮೇಲೆ ಇಡೀ ಯೋಜನೆ ಕಟ್ಟಬೇಡಿ. ಈ ಸಮೀಕ್ಷೆ ರಕ್ತ ತೆಗೆಯುವುದು ಬೆರಳ ತುದಿಯಿಂದ, ಒಂದು ಹನಿ. 2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆ ರಕ್ತನಾಳದಿಂದ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಬೆರಳ ಹನಿಯ ಲೆಕ್ಕದಲ್ಲಿ 2015–16ರಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಶೇ 58.6. ರಕ್ತನಾಳದ ಲೆಕ್ಕದಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಶೇ 41. ವಯಸ್ಸಿನ ಗುಂಪು ಪೂರ್ತಿ ಒಂದೇ ಅಲ್ಲ, ಆದರೂ ಇಷ್ಟು ಅಂತರಕ್ಕೆ ಅಳತೆಯ ವಿಧಾನವೂ ಕಾರಣ. ಈ ತಕರಾರಿನಿಂದಲೇ ಆರನೇ ಸುತ್ತಿನ ಕುಟುಂಬ ಸಮೀಕ್ಷೆಯಿಂದ ಹಿಮೋಗ್ಲೋಬಿನ್ ಪರೀಕ್ಷೆ ಕೈಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯೂ 2024ರಲ್ಲಿ 6ರಿಂದ 23 ತಿಂಗಳ ಮಕ್ಕಳಿಗೆ ರಕ್ತಹೀನತೆ ಎನ್ನುವ ಹಿಮೋಗ್ಲೋಬಿನ್ ಗೆರೆಯನ್ನು ಡೆಸಿಲೀಟರಿಗೆ 11ರಿಂದ 10.5 ಗ್ರಾಂಗೆ ಇಳಿಸಿತು.

ಹಾಗಂತ ಅಳತೆಯೇ ತಪ್ಪು ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಹತ್ತು ಮಕ್ಕಳಲ್ಲಿ ನಾಲ್ಕು ಅಂದರೂ ಅದು ಭಾರಿ ಸಮಸ್ಯೆಯೇ.

ನಿಮ್ಮೂರಲ್ಲಿ ಅಳತೆ ಸರಿಯಾಗಬೇಕಾದರೆ ಆರೋಗ್ಯ ದಿನದಂದು ನಿಂತು ನೋಡಬಹುದಾದ ಸಂಗತಿಗಳು ಇವು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಬೇಕು. ಮಧ್ಯದ ಬೆರಳು ಅಥವಾ ಉಂಗುರ ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಬೇಕು. ಸ್ಪಿರಿಟ್ ಹಚ್ಚಿದ ಮೇಲೆ ಪೂರ್ತಿ ಒಣಗಲು ಬಿಡಬೇಕು, ಇಲ್ಲದಿದ್ದರೆ ಅದು ಹನಿಯೊಂದಿಗೆ ಬೆರೆತು ಲೆಕ್ಕ ಕೆಡುತ್ತದೆ. ಮೊದಲ ಎರಡು ಹನಿ ಒಣ ಹತ್ತಿಯಿಂದ ಒರೆಸಿ, ಮೂರನೆಯದನ್ನು ತೆಗೆದುಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪು ಬೆರಳನ್ನು ಹಿಂಡುವುದು. ಹಿಂಡಿದರೆ ಅಂಗಾಂಶದ ನೀರು ಸೇರಿ ರಕ್ತ ತೆಳುವಾಗುತ್ತದೆ, ಇಲ್ಲದ ರಕ್ತಹೀನತೆ ಕಾಣುತ್ತದೆ. ಕ್ಯುವೆಟ್ (ಹನಿ ಹಿಡಿದು ಯಂತ್ರದಲ್ಲಿಡುವ ಪುಟ್ಟ ಪ್ಲಾಸ್ಟಿಕ್ ತುಂಡು) ಒಂದೇ ಸಲಕ್ಕೆ ತುಂಬಬೇಕು, ಒಳಗೆ ಗುಳ್ಳೆ ಇರಬಾರದು.

ರಾಯಚೂರಿಗೇ ವಿಶೇಷವಾದ ತೊಂದರೆ ಬಿಸಿಲು. ಸಾಮಾನ್ಯವಾಗಿ ಬಳಕೆಯಲ್ಲಿರುವ ಕ್ಯುವೆಟ್‌ಗಳನ್ನು 15ರಿಂದ 30 ಡಿಗ್ರಿಯಲ್ಲಿ ಇಡಬೇಕು, ಡಬ್ಬಿ ತೆರೆದ ಮೇಲೆ ಮೂರು ತಿಂಗಳೊಳಗೆ ಮುಗಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಚಾವಣಿಯ ಉಪಕೇಂದ್ರದಲ್ಲಿಟ್ಟ ಡಬ್ಬಿ ನಂಬಿಕೆಗೆ ಯೋಗ್ಯವಲ್ಲ. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆ ಪೆನ್ನಿನಲ್ಲಿ ಬರೆದಿದ್ದಾರೆಯೇ ನೋಡಿ. ಬರೆದಿಲ್ಲ ಅಂದರೆ ಆ ತಿಂಗಳ ಅಂಕಿಗಳನ್ನು ಸಂಶಯದಿಂದಲೇ ಓದಬೇಕು. ಎಲ್ಲಾದರೂ ಹಳೆಯ ಸಾಹ್ಲಿ ಕೊಳವೆ ಇನ್ನೂ ಬಳಕೆಯಲ್ಲಿದ್ದರೆ, ಬಣ್ಣ ಹೋಲಿಸಿ ನೋಡುವವರ ಕಣ್ಣಿಂದ ಕಣ್ಣಿಗೆ ಅದರ ಅಳತೆ ಬದಲಾಗುತ್ತದೆ.

ಇನ್ನೊಂದು ಮಾತು. ರಕ್ತಹೀನತೆ ಅಂದರೆ ಬರೀ ಕಬ್ಬಿಣದ ಕೊರತೆ ಅಲ್ಲ. ಅದೇ ಪೌಷ್ಟಿಕತಾ ಸಮೀಕ್ಷೆಯಲ್ಲಿ ಹದಿಹರೆಯದವರ ಪೈಕಿ ಬಿ12 ಕೊರತೆ ಶೇ 31, ಫೋಲೇಟ್ ಕೊರತೆ ಶೇ 37, ಕಬ್ಬಿಣದ ಕೊರತೆ ಶೇ 22. ಮತ್ತೊಂದು ಸೋಜಿಗ: ರಕ್ತಹೀನತೆ ಬಡವರ ಮನೆಗಳಲ್ಲಿ ಹೆಚ್ಚು, ಕಬ್ಬಿಣದ ಕೊರತೆ ಮಾತ್ರ ಪಟ್ಟಣದ, ಉಳ್ಳವರ ಮನೆ ಮಕ್ಕಳಲ್ಲಿ ಹೆಚ್ಚು ಕಂಡಿತು. ಇದಕ್ಕೆ ಕೊಡುವ ಒಂದು ವಿವರಣೆ ಹೀಗಿದೆ. ಉಳ್ಳವರ ಮಕ್ಕಳಿಗೆ ರಕ್ತ ಕಟ್ಟಲು ಬೇಕಾದ ಉಳಿದ ಪೋಷಕಾಂಶಗಳು ಸಿಗುತ್ತವೆ, ಇದ್ದ ಕಬ್ಬಿಣವೆಲ್ಲ ರಕ್ತವಾಗಿ ಸಂಗ್ರಹ ಬರಿದಾಗುತ್ತದೆ. ಬಡ ಮಕ್ಕಳಲ್ಲಿ ಕಬ್ಬಿಣ ಇದ್ದರೂ ಬಿ12, ಫೋಲೇಟ್, ಪ್ರೋಟೀನ್ ಇಲ್ಲದೆ, ಮೇಲಿಂದ ಮೇಲೆ ಸೋಂಕೂ ತಗುಲಿ, ಅದು ರಕ್ತವಾಗುವುದಿಲ್ಲ. ಬರೀ ಕಬ್ಬಿಣದ ಗುಳಿಗೆಯಿಂದ ಎಲ್ಲ ಸರಿಹೋಗದಿರುವುದು ಇದಕ್ಕೇ.

ಕಲ್ಯಾಣ ಓದುಗ:

ಸರ್, ರೇಷನ್ನಿನಲ್ಲಿ ಈಚಿನ ವರ್ಷಗಳಲ್ಲಿ ಕಬ್ಬಿಣ, ಬಿ12 ಸೇರಿಸಿದ ಸಾರವರ್ಧಿತ ಅಕ್ಕಿ ಕೊಟ್ಟಿದ್ದಾರಲ್ಲ. ಅದೇ ಸಾಕಲ್ಲವೇ? ಮತ್ತೆ ಗುಳಿಗೆ ಯಾಕೆ?

ರೊಟ್ಟಿ ಪುಂಡಿಪಲ್ಯ:

ಸಾಕಾಗುವುದಿಲ್ಲ, ಲೆಕ್ಕ ಹಾಕಿ ನೋಡೋಣ. ನಿಯಮದ ಪ್ರಕಾರ ಒಂದು ಕಿಲೋ ಸಾರವರ್ಧಿತ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು. ಹೆಣ್ಣುಮಗಳೊಬ್ಬಳು ದಿನಕ್ಕೆ 200 ಗ್ರಾಂ ಅಕ್ಕಿಯ ಅನ್ನ ಉಂಡರೆ ಸಿಗುವುದು 5.6ರಿಂದ 8.5 ಮಿಲಿಗ್ರಾಂ. ವಯಸ್ಕ ಮಹಿಳೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ದಿನದ ಪ್ರಮಾಣ 29 ಮಿಲಿಗ್ರಾಂ. ಅಂದರೆ ಐದರಲ್ಲೊಂದು ಭಾಗಕ್ಕೂ ಮೂರರಲ್ಲೊಂದು ಭಾಗಕ್ಕೂ ನಡುವೆ. ಒಳ್ಳೆಯದೇ, ಬೇಡ ಅನ್ನುವಂಥದ್ದಲ್ಲ. ಆದರೆ ಈಗಾಗಲೇ ರಕ್ತ ಇಳಿದವಳನ್ನು ಮೇಲೆತ್ತಲು ಅಷ್ಟು ಸಾಲದು.

ಅದೂ ಅಷ್ಟು ಹೊಟ್ಟೆಗೆ ಸೇರಿದರೆ. ನೂರು ಕಾಳಿಗೆ ಒಂದರ ಲೆಕ್ಕದಲ್ಲಿ ಬೆರೆಸಿದ ಕಾಳು ನೋಡಲು ಬೇರೆ ಥರ ಕಾಣುತ್ತದೆ. "ಪ್ಲಾಸ್ಟಿಕ್ ಅಕ್ಕಿ" ಎಂದು ಕೇರುವಾಗಲೇ ಆರಿಸಿ ಚೆಲ್ಲುತ್ತಾರೆ, ತೊಳೆಯುವಾಗ ತೇಲಿದ್ದನ್ನು ಬಸಿಯುತ್ತಾರೆ. ಗಂಜಿ ಬಸಿದರೆ ಇನ್ನಷ್ಟು ಹೋಗುತ್ತದೆ. ನ್ಯಾಯಬೆಲೆ ಅಂಗಡಿಯ ಮುಂದೆ ಆ ಕಾಳನ್ನು ಅಂಗೈಯಲ್ಲಿ ಹಿಡಿದು ತೋರಿಸಿ ಹೇಳುವುದು ಪಂಚಾಯಿತಿ ಸದಸ್ಯರು ಮಾಡಬಹುದಾದ ಕೆಲಸ. ಖರ್ಚಿಲ್ಲ. ತಲಸ್ಸೇಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವವರ ಮನೆ ಇದ್ದರೆ ಅವರು ವೈದ್ಯರನ್ನು ಕೇಳಿಯೇ ಉಣ್ಣಲಿ.

ನಿಮ್ಮ ಕಡೆ ಮುಖ್ಯ ಊಟ ಜೋಳದ ರೊಟ್ಟಿ. ಜೋಳದಲ್ಲಿ ಕಬ್ಬಿಣ ಇದೆ, ಆದರೆ ಫೈಟೇಟ್ ಅನ್ನುವ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಸ್ಯಾಹಾರದ ಕಬ್ಬಿಣ ಮೈಗೆ ಹತ್ತುವುದು ನೂರಕ್ಕೆ ಎರಡರಿಂದ ಇಪ್ಪತ್ತರವರೆಗೆ ಎಷ್ಟಾದರೂ ಆಗಬಹುದು, ಜೊತೆಗೆ ಏನು ಉಣ್ಣುತ್ತೇವೆ ಅನ್ನುವುದರ ಮೇಲೆ ಅದು ನಿಂತಿದೆ. ರೊಟ್ಟಿಯ ಜೊತೆ ಪುಂಡಿಪಲ್ಯ, ಹಸಿ ಸೊಪ್ಪಿನ ಪಚಡಿ, ಮೇಲೆ ನಿಂಬೆಹುಳಿ ಇದ್ದರೆ ಚೆನ್ನಾಗಿ ಹತ್ತುತ್ತದೆ. ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಕುದಿಸಿದರೆ ಸಿ ಜೀವಸತ್ವ ಹಾಳಾಗುತ್ತದೆ. ಪೇರಲ ಹಣ್ಣು ಎಲ್ಲಕ್ಕಿಂತ ಸೋವಿ, 100 ಗ್ರಾಂಗೆ 200 ಮಿಲಿಗ್ರಾಂಗೂ ಹೆಚ್ಚು ಸಿ ಜೀವಸತ್ವ. ಹೆಸರು, ಮಡಿಕೆ ಕಾಳನ್ನು ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತದೆ.

ಕೆಡಿಸುವುದು ಚಹಾ. ಊಟದ ಜೊತೆ ಒಂದು ಕಪ್ ಚಹಾ ಕುಡಿದರೆ ಆ ಊಟದ ಕಬ್ಬಿಣ ಅರ್ಧಕ್ಕೂ ಹೆಚ್ಚು ವ್ಯರ್ಥ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇರಲಿ. ರಾಗಿಯ ಬಗ್ಗೆಯೂ ಒಂದು ಭ್ರಮೆ ಇದೆ. ರಾಗಿಯ ದೊಡ್ಡತನ ಸುಣ್ಣದ ಅಂಶದಲ್ಲಿ, 100 ಗ್ರಾಂಗೆ 360 ಮಿಲಿಗ್ರಾಂ ಮೇಲೆ. ಕಬ್ಬಿಣ 5 ಮಿಲಿಗ್ರಾಂನೊಳಗೆ. ಅದಕ್ಕೆ ಹಾಲು ಬೆರೆಸಿ ಕುಡಿಸಿದರೆ ಎಲುಬಿಗೆ ಒಳ್ಳೆಯದು, ರಕ್ತಕ್ಕೆ ಅದನ್ನೇ ನಂಬಿ ಕೂರಬಾರದು. ಮೊಟ್ಟೆಯಲ್ಲೂ ಹೀರಿಕೆಯಾಗುವ ಕಬ್ಬಿಣ ಕಡಿಮೆ, ಆದರೆ ಬಿ12 ಮತ್ತು ಪ್ರೋಟೀನ್ ಸಿಗುತ್ತದೆ. ಮೇಲೆ ವೈದ್ಯರು ಹೇಳಿದ ಕೊರತೆಗೆ ಅದು ನೇರ ಉತ್ತರ. ಸರ್ಕಾರಿ ಶಾಲೆಗಳಲ್ಲಿ 2024ರಿಂದ ವಾರಕ್ಕೆ ಆರು ಮೊಟ್ಟೆ ಕೊಡುವ ವ್ಯವಸ್ಥೆ ಇದೆ. ನಿಮ್ಮೂರ ಶಾಲೆಯಲ್ಲಿ ಆರೂ ದಿನ ಬರುತ್ತಿದೆಯೇ, ಎಷ್ಟು ಮಕ್ಕಳು ಮೊಟ್ಟೆಯ ಬದಲು ಬಾಳೆಹಣ್ಣು ಆರಿಸಿಕೊಳ್ಳುತ್ತಾರೆ ಎಂದು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಿ.

ಅತಿ ಮುಖ್ಯ ವಯಸ್ಸು 6ರಿಂದ 23 ತಿಂಗಳು. ಐದನೇ ಸುತ್ತಿನ ಸಮೀಕ್ಷೆ ಪ್ರಕಾರ ದೇಶದಲ್ಲಿ ಈ ವಯಸ್ಸಿನ ಮಕ್ಕಳ ಪೈಕಿ ಸಮರ್ಪಕ ಆಹಾರ ಸಿಗುತ್ತಿದ್ದದ್ದು ಬರೀ ಶೇ 11.3ಕ್ಕೆ. ಈ ಮಕ್ಕಳು ಶಾಲೆಯ ಊಟಕ್ಕೂ ಬರುವುದಿಲ್ಲ, ಅಂಗನವಾಡಿಯಲ್ಲೂ ಕೂರುವುದಿಲ್ಲ. ಅಮ್ಮ ಹೊಲಕ್ಕೆ ಹೋದಾಗ ಅಜ್ಜಿ ಕೈಗೆ ಕೊಡುವುದು ಐದು ರೂಪಾಯಿಯ ಬಿಸ್ಕತ್ತು. ದುಡ್ಡು ಬಂದಿದೆ, ಆದರೆ ಅದು ಬಿಸ್ಕತ್ತಾಗಿ ಬಂದಿದೆ. ಮನಸ್ಸಿಗೆ ತುಂಬಾ ನೋವಾಗುವ ಸಂಗತಿ ಇದು.

ಉಗ್ರಾಣ:

ಗುಳಿಗೆಯ ಲೆಕ್ಕವನ್ನು ನಾನು ಹೇಳುತ್ತೇನೆ. ಪಂಚಾಯಿತಿ ಒತ್ತಡ ಹಾಕಿದರೆ ತಕ್ಷಣ ಸರಿಹೋಗುವ ಜಾಗ ಇದೇ.

2018ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಗರ್ಭಿಣಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕೆಂಪು ಗುಳಿಗೆ (60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ), 180 ದಿನ. ಹೆರಿಗೆಯ ನಂತರ ಮತ್ತೆ 180 ದಿನ. 10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ, 5ರಿಂದ 9 ವರ್ಷದವರಿಗೆ ವಾರಕ್ಕೊಂದು ಗುಲಾಬಿ (45 ಮಿಲಿಗ್ರಾಂ). 6ರಿಂದ 59 ತಿಂಗಳ ಮಕ್ಕಳಿಗೆ ವಾರಕ್ಕೆರಡು ಸಲ 1 ಮಿ.ಲೀ. ಸಿರಪ್.

ನಿಮ್ಮ 6,000 ಜನಕ್ಕೆ ಹೊಂದಿಸೋಣ. ವರ್ಷಕ್ಕೆ 110 ಗರ್ಭಿಣಿಯರು ನೋಂದಣಿಯಾಗುತ್ತಾರೆ ಎಂದುಕೊಳ್ಳಿ: 110 ಗುಣಿಸು 180, 19,800 ಗುಳಿಗೆ. 100 ಬಾಣಂತಿಯರಿಗೆ 18,000. ರಕ್ತ ಕಡಿಮೆ ಇರುವ ಗರ್ಭಿಣಿಗೆ ದಿನಕ್ಕೆ ಎರಡು. ಅಂಥವರು 50 ಜನ ಅಂದರೆ ಗರಿಷ್ಠ 9,000 ಹೆಚ್ಚುವರಿ. ಒಟ್ಟು 46,800. ಹತ್ತು ಪರ್ಸೆಂಟ್ ಮೀಸಲು ಸೇರಿಸಿದರೆ 51,500ರ ಹತ್ತಿರ, ತಿಂಗಳಿಗೆ ಸುಮಾರು 4,300 ಕೆಂಪು ಗುಳಿಗೆ. ಸಿರಪ್ 50 ಮಿ.ಲೀ. ಬಾಟಲಿ ಒಂದು ಮಗುವಿಗೆ 25 ವಾರ ಬರುತ್ತದೆ. 450 ಮಕ್ಕಳಿಗೆ ವರ್ಷಕ್ಕೆ 900 ಬಾಟಲಿ, ಒಡೆದದ್ದು ಚೆಲ್ಲಿದ್ದು ಬೇರೆ.

ಈಗ ಪ್ರಾಥಮಿಕ ಆರೋಗ್ಯ ಕೇಂದ್ರದ ಇಂಡೆಂಟ್ (ಔಷಧ ಬೇಡಿಕೆ) ಪುಸ್ತಕ ತೆಗೆಸಿ ಈ ಸಂಖ್ಯೆಯ ಪಕ್ಕ ಇಟ್ಟು ನೋಡಿ. ಎಷ್ಟೋ ಕಡೆ ಕಾಣುವ ದೋಷ ಏನೆಂದರೆ, ಇಂಡೆಂಟನ್ನು ಹೋದ ವರ್ಷದ ಬಳಕೆ ನೋಡಿ ಬರೆಯುತ್ತಾರೆ. ಹೋದ ವರ್ಷ ಎರಡು ತಿಂಗಳು ದಾಸ್ತಾನು ಇರಲಿಲ್ಲ ಅಂದರೆ ಬಳಕೆಯೂ ಕಡಿಮೆ ಆಗಿರುತ್ತದೆ. ಆ ಕಡಿಮೆಯನ್ನೇ ಈ ವರ್ಷದ ಅಗತ್ಯ ಎಂದು ಬರೆದರೆ ಕೊರತೆ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತದೆ. ಇಂಡೆಂಟ್ ಬರೆಯಬೇಕಾದದ್ದು ತಲೆ ಎಣಿಸಿ.

ಎರಡನೆಯದು, ಬಂದದ್ದನ್ನು ಕೊಡುವ ಬಗೆ. ನೂರೆಂಬತ್ತು ಗುಳಿಗೆ ಒಂದೇ ಸಲ ಕೈಗೆ ಕೊಟ್ಟರೆ ಅವು ಅಟ್ಟ ಸೇರುತ್ತವೆ. 30ರಂತೆ ಕೊಟ್ಟು, ಮುಂದಿನ ತಿಂಗಳು ಗುಳಿಗೆಯ ಖಾಲಿ ಪಟ್ಟಿ (ಸ್ಟ್ರಿಪ್) ತರಿಸಿ ಎಣಿಸಬೇಕು. ಆದರೆ ಗುಳೆ ಹೋಗುವವರಿಗೆ ಈ ನಿಯಮ ಸಡಿಲಿಸಬೇಕು. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಟವಳಿಗೆ ಮೂರು ತಿಂಗಳ ಗುಳಿಗೆ, ತಾಯಿ ಕಾರ್ಡು ಕೈಲಿಟ್ಟೇ ಕಳಿಸಬೇಕು. ಇಲ್ಲಿಯ ರಿಜಿಸ್ಟರಿನಲ್ಲಿ ಅವಳು "ಊರಲ್ಲಿಲ್ಲ", ಅಲ್ಲಿ ಯಾರ ರಿಜಿಸ್ಟರಿನಲ್ಲೂ ಇಲ್ಲ. ಕಳೆದುಹೋಗುವುದು ಇಂಥವರೇ.

ನಡುವೆ ಬಿಡಲು ಮುಖ್ಯ ಕಾರಣ ಹೊಟ್ಟೆ ತೊಳಸುವುದು, ಮಲಬದ್ಧತೆ, ಮಲ ಕಪ್ಪಾಗುವುದು. ಕಪ್ಪಾಗುವುದು ಸಹಜ, ಹೆದರಬೇಕಿಲ್ಲ ಎಂದು ಮೊದಲ ದಿನವೇ ಹೇಳಿದರೆ ಅರ್ಧ ಸಮಸ್ಯೆ ತೀರುತ್ತದೆ. ಊಟವಾಗಿ ಒಂದೆರಡು ಗಂಟೆ ಬಿಟ್ಟು, ಮಲಗುವ ಮುಂಚೆ ನೀರಿನಲ್ಲಿ ಅಥವಾ ನಿಂಬೆ ಪಾನಕದಲ್ಲಿ ನುಂಗಿದರೆ ತೊಳಸುವುದು ಕಡಿಮೆ. ಕ್ಯಾಲ್ಸಿಯಂ ಗುಳಿಗೆಯ ಜೊತೆ ಮಾತ್ರ ಕೂಡದು, ಎರಡು ಗಂಟೆ ಅಂತರ ಬೇಕು. ಎರಡನ್ನೂ ಒಂದೇ ಚೀಟಿಯಲ್ಲಿ ಕಟ್ಟಿಕೊಟ್ಟರೆ ಹೆಣ್ಣುಮಕ್ಕಳು ಒಟ್ಟಿಗೇ ನುಂಗುತ್ತಾರೆ. ಬೇರೆ ಬೇರೆ ಚೀಟಿ ಮಾಡಿ, ಒಂದರ ಮೇಲೆ ತಟ್ಟೆಯ ಚಿತ್ರ, ಇನ್ನೊಂದರ ಮೇಲೆ ಚಂದ್ರನ ಚಿತ್ರ ಬರೆದರೆ ಓದು ಬಾರದವರಿಗೂ ತಿಳಿಯುತ್ತದೆ.

ಎಡದಂಡೆ:

ಎಲ್ಲರಿಗೂ ಋಣಿ. ಉಗ್ರಾಣ ಅವರೇ, ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಕೊಡುವ ಮಾತೃಪೂರ್ಣ ಊಟದಲ್ಲಿ 200 ಮಿ.ಲೀ. ಹಾಲೂ ಇದೆ. ಅದೇ ಹೊತ್ತಿಗೆ ಅಂಗನವಾಡಿಯಲ್ಲಿ ಗುಳಿಗೆ ನುಂಗಿಸಿದರೆ ಹಾಲಿನಿಂದ ಕೆಡುವುದಿಲ್ಲವೇ?

ಉಗ್ರಾಣ:

ಸ್ವಲ್ಪ ಕೆಡುತ್ತದೆ, ನಿಜ. ಆದರೆ ನುಂಗದೆ ಉಳಿದ ಗುಳಿಗೆ ಪೂರ್ತಿ ವ್ಯರ್ಥ. ಮನೆಯಲ್ಲಿ ತಪ್ಪದೆ ನುಂಗುವವಳಾದರೆ ರಾತ್ರಿಯೇ ಸರಿ. ಪಟ್ಟಿ ಎಣಿಸಿದಾಗ ಗುಳಿಗೆ ಉಳಿದದ್ದು ಕಂಡರೆ ಅಂಥವಳಿಗೆ ಅಂಗನವಾಡಿಯಲ್ಲಿ ಕಾರ್ಯಕರ್ತೆಯ ಎದುರೇ ನುಂಗಿಸಿ, ಹಾಲನ್ನು ಆದಷ್ಟು ತಡವಾಗಿ ಕುಡಿಯಲು ಹೇಳಿ. ಎಲ್ಲರಿಗೂ ಒಂದೇ ನಿಯಮ ಮಾಡಬೇಡಿ.

ಹೆರಿಗೆ ಕೋಣೆ:

ಇಲ್ಲಿ ಯಾರೂ ಹೇಳದ ಎರಡು ಸಂಗತಿ. ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸಬಾರದು, ಒಂದರಿಂದ ಮೂರು ನಿಮಿಷ ಕಾಯಬೇಕು. ಅಷ್ಟರಲ್ಲಿ ಮಾಸಿನಿಂದ ಮಗುವಿಗೆ ಹರಿಯುವ ರಕ್ತ ಅದರ ಮೊದಲ ತಿಂಗಳುಗಳ ಕಬ್ಬಿಣದ ಉಳಿತಾಯ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಹುಟ್ಟಿದ ತಕ್ಷಣ ಮಗುವಿಗೆ ಉಸಿರು ಕೊಡಬೇಕಾದ ತುರ್ತು ಇದ್ದರೆ ಮಾತ್ರ ಬೇರೆ ಮಾತು.

ಇನ್ನೊಂದು ಮದುವೆ ವಯಸ್ಸು. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳ ಪೈಕಿ 18 ತುಂಬುವ ಮೊದಲೇ ಮದುವೆಯಾದವರು ನಾಲ್ಕನೇ ಸುತ್ತಿನಲ್ಲಿ ಶೇ 21.4, ಐದನೇ ಸುತ್ತಿನಲ್ಲಿ 21.3. ರಾಜ್ಯದ ಆದಾಯ ಎಷ್ಟು ಏರಿದರೂ ಇದು ಅಲ್ಲಾಡಿಲ್ಲ. ತಾನೇ ಬೆಳೆಯುತ್ತಿರುವ ಹುಡುಗಿ, ಮೇಲೆ ಮುಟ್ಟಿನ ರಕ್ತ, ಮೇಲೆ ಬಸಿರು, ಎರಡು ವರ್ಷದೊಳಗೆ ಮತ್ತೊಂದು ಬಸಿರು: ಗುಳಿಗೆ ಎಷ್ಟು ಕೊಟ್ಟರೂ ತುಂಬುವುದಿಲ್ಲ. ಬಾಲ್ಯವಿವಾಹ ತಡೆಯುವ ಅಧಿಕಾರ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಇದೆ. ಮೊದಲ ಹೆರಿಗೆಯ ನಂತರ ಕನಿಷ್ಠ ಎರಡು ವರ್ಷ ಅಂತರಕ್ಕೆ ಗರ್ಭ ತಡೆಯುವ ಕಾಪರ್-ಟಿ ಅಥವಾ ಅಂತರಾ ಚುಚ್ಚುಮದ್ದಿನ ಮಾತನ್ನು ಬಾಣಂತನದಲ್ಲೇ ಆಡಬೇಕು, ಆಮೇಲೆ ಆಡಿದರೆ ತಡವಾಗುತ್ತದೆ.

ಎಡದಂಡೆ:

ದುಡ್ಡಿನ ಬಗ್ಗೆ ಕೇಳಬೇಕಿತ್ತು. ಗುಳಿಗೆ, ಪರೀಕ್ಷೆ ಎಲ್ಲ ಆರೋಗ್ಯ ಇಲಾಖೆಯದು. ಪಂಚಾಯಿತಿಯ ಸ್ವಂತ ಅನುದಾನದಿಂದ ರಕ್ತಹೀನತೆಗೆ ಏನಾದರೂ ಮಾಡಲು ಬರುತ್ತದೆಯೇ?

ಜಮಾಖರ್ಚು:

ಬರುತ್ತದೆ, ಬೇರೆ ಹೆಸರಿನಲ್ಲಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಆ ಆಯೋಗದ ಅವಧಿ 2025–26ರವರೆಗೆ, ಮುಂದಿನ ವರ್ಷದ ಯೋಜನೆಗೆ ಹೊಸ ಮಾರ್ಗಸೂಚಿಯನ್ನೇ ಹಿಡಿಯಿರಿ. ನೈರ್ಮಲ್ಯಕ್ಕೂ ರಕ್ತಕ್ಕೂ ಏನು ಸಂಬಂಧ ಅಂದರೆ, ಕೊಕ್ಕೆಹುಳು. ಬಯಲಿನ ಮಲದಿಂದ ಒದ್ದೆ ಮಣ್ಣಿಗೆ, ಮಣ್ಣಿನಿಂದ ಬರಿಗಾಲಿನ ಚರ್ಮಕ್ಕೆ, ಅಲ್ಲಿಂದ ಕರುಳಿಗೆ ಸೇರಿ ದಿನವೂ ರಕ್ತ ಹೀರುತ್ತದೆ. ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ ಮಣ್ಣು ಒದ್ದೆಯಾಗಿರುವ ತಿಂಗಳುಗಳೇ ಹೆಚ್ಚು.

ಶೌಚಾಲಯ ಕಟ್ಟಿಸಿದ್ದೇವೆ ಎಂದು ಬಿಟ್ಟುಬಿಡಬೇಡಿ. ಎರೆ ಮಣ್ಣಿನಲ್ಲಿ ಜೋಡಿಗುಂಡಿ ಶೌಚಾಲಯ ಕೆಲಸ ಮಾಡದಿರುವುದು ಸಾಮಾನ್ಯ. ಎರೆ ಮಣ್ಣು ನೀರು ಇಂಗಿಸುವುದಿಲ್ಲ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಗುಂಡಿಯ ಗೋಡೆಯನ್ನೂ ಒಡೆಯುತ್ತದೆ. ಅದಕ್ಕೇ ಅಂಥ ಕಡೆ ಗುಂಡಿಯ ಗೋಡೆಯ ಹೊರಸುತ್ತ 30 ಸೆಂ.ಮೀ. ಅಗಲಕ್ಕೆ ಮರಳು ಅಥವಾ ಸಣ್ಣ ಜಲ್ಲಿ ತುಂಬಬೇಕು ಎಂಬ ನಿಯಮ ಇದೆ. ಗುತ್ತಿಗೆದಾರ ಬಿಡುವುದು ಮೊದಲು ಇದನ್ನೇ, ಯಾಕೆಂದರೆ ಮೇಲಿಂದ ಕಾಣುವುದಿಲ್ಲ. ಮೊದಲ ಮಳೆಗೆ ಗುಂಡಿ ತುಂಬುತ್ತದೆ, ಮನೆಯವರು ಚೊಂಬು ಹಿಡಿದು ಹೊರಗೆ ನಡೆಯುತ್ತಾರೆ, ಶೌಚಾಲಯದಲ್ಲಿ ಕುಳ್ಳು ಪೇರಿಸುತ್ತಾರೆ. ಗುಂಡಿ ಮುಚ್ಚುವ ಮುಂಚಿನ ಫೋಟೊ ಇಲ್ಲದೆ ಬಿಲ್ಲು ಪಾಸು ಮಾಡಬೇಡಿ. ಬೋರ್‌ವೆಲ್, ನಲ್ಲಿ ಕಟ್ಟೆಗಳ ಬಳಿ ನಿಲ್ಲುವ ನೀರಿಗೆ ಉದ್ಯೋಗ ಖಾತ್ರಿಯಲ್ಲಿ ಇಂಗುಗುಂಡಿ ಹಾಕಿಸಿ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಇದೆ. ಸಮಿತಿಗೆ ಪಂಚಾಯಿತಿ ಸದಸ್ಯರೇ ಅಧ್ಯಕ್ಷರು. ಸುಣ್ಣ ಬಣ್ಣ, ಬ್ಯಾನರ್‌ಗೆ ಅದನ್ನು ಕರಗಿಸದೆ, ಕ್ಯುವೆಟ್ ಡಬ್ಬಿ ಇಡಲು ತಂಪಾದ ಪೆಟ್ಟಿಗೆ, ಕೆಟ್ಟ ತಕ್ಕಡಿಯ ದುರಸ್ತಿಯಂಥ ಸಣ್ಣ ಅಡಚಣೆಗಳಿಗೆ ಬಳಸಿ.

ಸಮುದಾಯ ವೈದ್ಯ:

ಜಂತುಹುಳು ಗುಳಿಗೆಯ ವಿಷಯ ಸೇರಿಸುತ್ತೇನೆ. ಫೆಬ್ರುವರಿ 10 ಮತ್ತು ಆಗಸ್ಟ್‌ನಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಒಂದರಿಂದ ಎರಡು ವರ್ಷದ ಮಗುವಿಗೆ ಅಲ್ಬೆಂಡಜೋಲ್ ಅರ್ಧ ಗುಳಿಗೆ (200 ಮಿಲಿಗ್ರಾಂ) ಪುಡಿ ಮಾಡಿ ನೀರಿನಲ್ಲಿ, ಮೇಲಿನವರಿಗೆ ಪೂರ್ತಿ 400, ಅಗಿದು ನುಂಗಬೇಕು. ಗರ್ಭಿಣಿಗೆ ಮೊದಲ ಮೂರು ತಿಂಗಳು ಕೊಡಬಾರದು, ನಾಲ್ಕನೇ ತಿಂಗಳ ನಂತರ ಒಂದು ಗುಳಿಗೆ. ಶಾಲೆ ಬಿಟ್ಟ ಮಕ್ಕಳು ಆ ದಿನ ತಪ್ಪಿಹೋಗುತ್ತಾರೆ. ಅವರ ಪಟ್ಟಿ ಊರಿನ ಆಶಾ ಕಾರ್ಯಕರ್ತೆಯ ಕೈಲಿ ಮೊದಲೇ ಇರಬೇಕು.

ಎಡದಂಡೆ:

ಕೊನೆಯ ಪ್ರಶ್ನೆ ಸರ್. ಯೋಜನೆಯಲ್ಲಿ ಪ್ರತಿ ತಿಂಗಳೂ ನೋಡುವಂಥ ಒಂದೇ ಒಂದು ಅಂಕಿ ಇಡಬೇಕು ಅಂದರೆ ಯಾವುದು? ರಕ್ತಹೀನತೆ ಶೇಕಡಾವಾರು ಇಡಲೇ?

ಸಮುದಾಯ ವೈದ್ಯ:

ಬೇಡ. ನೂರು ಹೆರಿಗೆಯ ಊರಲ್ಲಿ ಆ ಶೇಕಡಾವಾರು ತಿಂಗಳಿಂದ ತಿಂಗಳಿಗೆ ಸುಮ್ಮನೆ ಏರಿಳಿಯುತ್ತದೆ. ಮೇಲಾಗಿ ಅದನ್ನು ಗುರಿ ಮಾಡಿದರೆ ರಿಜಿಸ್ಟರಿನಲ್ಲಿ ಎಲ್ಲರಿಗೂ 11.2 ಎಂದು ಬರೆಯುವ ಆಸೆ ಹುಟ್ಟುತ್ತದೆ.

ಇಡಬೇಕಾದ ಅಂಕಿ ಇದು: ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಬಂದ ಗರ್ಭಿಣಿಯರ ಪೈಕಿ ಎಷ್ಟು ಜನಕ್ಕೆ ನಾಲ್ಕು ವಾರದಲ್ಲಿ ಎರಡನೇ ಸಲ ಪರೀಕ್ಷೆ ಆಯಿತು. ಚಿಕಿತ್ಸೆಯ ಸರಪಳಿ ಕಡಿಯುವುದು ಸಾಮಾನ್ಯವಾಗಿ ಇಲ್ಲೇ. 7ರಿಂದ 10.9 ಇದ್ದವಳಿಗೆ ದಿನಕ್ಕೆರಡು ಗುಳಿಗೆ ಕೊಟ್ಟು ತಿಂಗಳಾದ ಮೇಲೆ ಕನಿಷ್ಠ 1 ಗ್ರಾಂ ಏರಿರಬೇಕು. ಏರಿಲ್ಲ ಅಂದರೆ ಮೊದಲು ಖಾಲಿ ಪಟ್ಟಿ ಎಣಿಸಿ. ನುಂಗಿಲ್ಲದಿದ್ದರೆ ಕಾರಣ ಕೇಳಿ. ನುಂಗಿಯೂ ಏರದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕು: ಬಿ12 ಕೊರತೆ, ತಲಸ್ಸೇಮಿಯಾ ಲಕ್ಷಣ, ಸಿಕಲ್ ಸೆಲ್, ಸೋಂಕು ಯಾವುದೂ ಇರಬಹುದು. ತಿಂಗಳು ತುಂಬುತ್ತಾ ಬಂದು ಗುಳಿಗೆಗೆ ಸಮಯವಿಲ್ಲ ಅಥವಾ ಹೊಟ್ಟೆ ತಡೆಯುವುದಿಲ್ಲ ಅಂದರೆ ರಕ್ತನಾಳದ ಮೂಲಕ ಐರನ್ ಸುಕ್ರೋಸ್ ಅಥವಾ ಎಫ್‌ಸಿಎಂ ಎಂಬ ಕಬ್ಬಿಣದ ಔಷಧ, ವೈದ್ಯರಿರುವ ಆಸ್ಪತ್ರೆಯಲ್ಲಿ ಮಾತ್ರ. 7ಕ್ಕಿಂತ ಕಡಿಮೆ ಇದ್ದವಳನ್ನು ಅದೇ ದಿನ ವೈದ್ಯಾಧಿಕಾರಿ ನೋಡಬೇಕು, ಬಸಿರಿನ ಕೊನೆಯ ಮೂರು ತಿಂಗಳಲ್ಲಿದ್ದರೆ ಆಸ್ಪತ್ರೆಗೆ ದಾಖಲಿಸಬೇಕು. 5ಕ್ಕಿಂತ ಕಡಿಮೆ ಅಂದರೆ ಎಷ್ಟೇ ತಿಂಗಳಾಗಿದ್ದರೂ ರಕ್ತ ಏರಿಸುವ ಸೌಲಭ್ಯ ಇರುವಲ್ಲಿಗೇ.

ಆಶಾ ಡೈರಿಯಲ್ಲಿ ಒಂದು ಹಾಳೆ ಸಾಕು. ಹೆಸರು, ಮೊದಲ ಅಳತೆ ಮತ್ತು ದಿನಾಂಕ, ಎರಡನೇ ಅಳತೆ ಮತ್ತು ದಿನಾಂಕ, ಖಾಲಿ ಪಟ್ಟಿ ಎಷ್ಟು, ಗುಳೆ ಹೋಗಿದ್ದರೆ ಯಾವ ಊರಿಗೆ. ಎರಡನೇ ದಿನಾಂಕದ ಜಾಗ ಖಾಲಿ ಇರುವ ಹೆಸರುಗಳನ್ನು ಮಾತ್ರ ತಿಂಗಳ ಸಭೆಯಲ್ಲಿ ಆಶಾ, ನರ್ಸ್ ಜೊತೆ ಕೂತು ನೋಡಿ, ಗ್ರಾಮಸಭೆಯಲ್ಲಿ ಹೆಸರು ಓದಬೇಡಿ. ಮೊದಲ ತಿಂಗಳು ಆ ಪಟ್ಟಿ ಉದ್ದವೇ ಇರುತ್ತದೆ. ಅದಕ್ಕೆ ಆಶಾಳನ್ನು ಬೈಯುವ ಮೊದಲು, ಆ ತಿಂಗಳು ಉಪಕೇಂದ್ರದಲ್ಲಿ ಕ್ಯುವೆಟ್ ಇತ್ತೇ ಎಂದು ಕೇಳಿ.